ಜಮಾಬಂದಿ: ಅಂದು ಅವರು ಕೇಳಿದ ಲೆಕ್ಕ, ಇಂದು ನಾವು ಕೇಳುವ ಲೆಕ್ಕ

ಸಂಘದ ಜೀವಾಳವೇ ಲೆಕ್ಕ. ಆದ್ದರಿಂದ ಲೆಕ್ಕದ ಬಗ್ಗೆಯೇ ನಾಲ್ಕು ಮಾತು ಬರೆಯುತ್ತೇನೆ. ಸಂಘದ್ದಲ್ಲ, ಸರಕಾರದ ಲೆಕ್ಕ. ಅದು ನಮ್ಮಂಥವರಿಗೆ ತಿಳಿಯುವ ಹಾಗೆ ಆಗಲು ಎಷ್ಟು ಕಾಲ ಹಿಡಿಯಿತು ಎಂಬ ಕಥೆ.

ಹಿಂದೆ ಊರಿನ ಲೆಕ್ಕ ಇರುತ್ತಿದ್ದುದು ಶಾನುಭೋಗರ ಕಡತದಲ್ಲಿ. ಕಡತವೆಂದರೆ ಇಂದಿನ ಆಫೀಸಿನ ಫೈಲಲ್ಲ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ ಮಡಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯುವುದು. ಅಳಿಸಿ ಪುನಃ ಬರೆಯಲಿಕ್ಕೂ ಆಗುತ್ತಿತ್ತು! ಓದು ಬಾರದ ಒಕ್ಕಲಿಗೆ ಅದರಲ್ಲಿ ಏನುಂಟೆಂದು ತಿಳಿಯಲು ಶಾನುಭೋಗರ ಬಾಯಿಮಾತೇ ಗತಿ.

1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಉಡುಪಿ, ಕಾಪು, ಕಾರ್ಕಳವೆಲ್ಲ ಸೇರಿದ ಕೆನರಾ ಜಿಲ್ಲೆ ಕಂಪೆನಿಯ ಕೈಗೆ ಬಂತು. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹಳೆಯ ಲೆಕ್ಕಗಳನ್ನು ತೆಗೆಸಿದ. ಮೂಲ ತೆರಿಗೆಯಾದ ಶಿಸ್ತು ಎಷ್ಟು, ಅದರ ಮೇಲೆ ಆಗಾಗ ಏರಿಸಿದ ಶಾಮಿಲು ಎಷ್ಟು ಎಂದು ಬಿಡಿಸಿ 1800ರಲ್ಲಿ ಮದ್ರಾಸಿಗೆ ವರದಿ ಬರೆದ. ಲೆಕ್ಕ ಬಿಡಿಸಿದ್ದು ಹೌದು, ಆದರೆ ಸರಕಾರಕ್ಕಾಗಿ.

ಮದ್ರಾಸು ಸರಕಾರದ ಕಾಲದಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ. ಅಧಿಕಾರಿಗಳು ಊರಿನ ಲೆಕ್ಕ ತನಿಖೆ ಮಾಡಿ, ಯಾರು ಎಷ್ಟು ತೀರ್ವೆ ಕಟ್ಟಬೇಕೆಂದು ನಿಶ್ಚಯಿಸುವರು. ಪ್ರಶ್ನೆ ಅವರದು, ಉತ್ತರ ನಮ್ಮ ಹಿರಿಯರದು. ಕಟ್ಟಿದ ತೀರ್ವೆ ಎಲ್ಲಿಗೆ ಹೋಯಿತೆಂದು ಕೇಳುವ ಕ್ರಮ ಅದರಲ್ಲಿ ಇರಲಿಲ್ಲ.

ಸರಕಾರದ ಲೆಕ್ಕ ಹೀಗಿದ್ದಾಗ, ಸಾಮಾನ್ಯರಿಗೆ ತಿಳಿಯುವ ಲೆಕ್ಕ ಹೇಗಿರಬೇಕೆಂದು ತೋರಿಸಿದವರು ನಮ್ಮ ಊರಿನವರೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಮಣಿಪಾಲದಲ್ಲಿ ನೆಲೆಸಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ಪಡೆಯುವುದು. ಕೊಟ್ಟವರ ಕಣ್ಣೆದುರೇ ಲೆಕ್ಕ. ಅದಕ್ಕೇ ಬಡವರೂ ನಂಬಿದರು.

1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1957ರ ಎಪ್ರಿಲ್ 1ರಿಂದ ನಯೇ ಪೈಸೆ ಬಂದು, ರೂಪಾಯಿಗೆ 16 ಆಣೆ, 192 ಪೈ ಎನ್ನುವ ತಲೆಬಿಸಿ ತಪ್ಪಿ 100ರ ಲೆಕ್ಕವಾಯಿತು. 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆ ಮಾಡುವ ಕಾಯ್ದೆಯಾಯಿತು. ಭಾಷೆ, ಅಂಕಿ ಎರಡೂ ಹತ್ತಿರ ಬಂದವು. ಪುಸ್ತಕ ಮಾತ್ರ ಕಪಾಟಿನೊಳಗೇ ಉಳಿಯಿತು.

ಕಪಾಟು ತೆರೆಸಿದ್ದು ಜನ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಊರ ನಡುವೆ ಸಭೆ ಸೇರಿಸಿ, ಸರಕಾರಿ ಕಾಮಗಾರಿಯ ಹಾಜರಿ ಪಟ್ಟಿಗಳನ್ನು, ಬಿಲ್ಲುಗಳನ್ನು ಗಟ್ಟಿಯಾಗಿ ಓದಿದರು. ಕೆಲಸಕ್ಕೆ ಹೋಗದವರ ಹೆಸರಲ್ಲಿ ಕೂಲಿ ಬರೆದದ್ದು ಅಲ್ಲೇ ಬಯಲಾಯಿತು. ಯಾರು ಕೆಲಸಕ್ಕೆ ಹೋಗಿದ್ದಾರೆಂದು ನೆರೆಮನೆಯವರಿಗೆ ಗೊತ್ತಿಲ್ಲವೇ? ಕರ್ನಾಟಕದಲ್ಲಿ 2000ದಲ್ಲಿ ಮಾಹಿತಿ ಹಕ್ಕಿನ ಕಾಯ್ದೆಯಾಯಿತು, 2005ರಲ್ಲಿ ದೇಶಕ್ಕೇ ಬಂತು.

1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಅಡಿಯಲ್ಲಿ ಗ್ರಾಮ ಪಂಚಾಯತಿಗಳಲ್ಲಿ ಈಗ ವರ್ಷಕ್ಕೊಮ್ಮೆ ಜಮಾಬಂದಿ ಉಂಟು. ಮೇಲಧಿಕಾರಿಯ ಸಮಕ್ಷಮ, ಊರವರ ಎದುರು ಪಂಚಾಯತಿನ ಜಮಾ ಖರ್ಚು ಓದಬೇಕು, ಕಾಮಗಾರಿ ನೋಡಬೇಕು. ಹೆಸರು ಹಳೆಯದೇ. ಆದರೆ ಈಗ ಕೇಳುವವರು ನಾವು, ಹೇಳಬೇಕಾದವರು ಅವರು.

ಹೀಗಿದ್ದೂ ಬರುವವರು ಕಡಿಮೆ. ಬಂದವರೂ "ನಮಗೆಂಥ ಗೊತ್ತಾಗ್ತದೆ ಮಾರಾಯ್ರೆ" ಎಂದು ಚಹಾ ಕುಡಿದು ಹೋಗುತ್ತಾರೆ. ಗೊತ್ತಾಗದ್ದು ಏನೂ ಇಲ್ಲ. ಸಂಘದ ಮಹಾಸಭೆಯಲ್ಲಿ ನೀವು ನೋಡುವ ನಾಲ್ಕು ಸಾಲೇ ಅಲ್ಲಿಯೂ: ಆರಂಭ ಶಿಲ್ಕು, ಜಮಾ, ಖರ್ಚು, ಅಖೈರು ಶಿಲ್ಕು. ಉದಾಹರಣೆಗೆ ಆರಂಭ ಶಿಲ್ಕು 2 ಲಕ್ಷ, ಜಮಾ 30 ಲಕ್ಷ, ಖರ್ಚು 27 ಲಕ್ಷವಾದರೆ ಉಳಿಯಬೇಕಾದ್ದು 5 ಲಕ್ಷ. ಆರಂಭ ಶಿಲ್ಕು ಹಿಂದಿನ ವರ್ಷದ ಅಖೈರು ಶಿಲ್ಕಿಗೆ ತಾಳೆಯಾಗಬೇಕು. ಆ ಮೇಲೆ ನಿಮ್ಮ ವಾರ್ಡಿನ ಒಂದೇ ಒಂದು ಕೆಲಸ ಹಿಡಿಯಿರಿ, ಒಂದು ಕಾಲುಸಂಕವೋ ಚರಂಡಿಯೋ. ಮಂಜೂರಾದದ್ದು ಎಷ್ಟು, ಪಾವತಿ ಎಷ್ಟು, ಅಳತೆ ಎಷ್ಟು ಕೇಳಿ. ಮತ್ತೆ ಹೋಗಿ ಕಣ್ಣಾರೆ ನೋಡಿ.

ಸದಸ್ಯರು ಲೆಕ್ಕ ಕೇಳಿದ್ದರಿಂದ ಯಾವ ಸಂಘವೂ ಮುಳುಗಿದ್ದಿಲ್ಲ, ಕೇಳದೆ ಮುಳುಗಿದವು ಉಂಟು. ಊರಿನ ಹಣಕ್ಕೂ ಇದೇ ಮಾತು. ಮುಂದಿನ ಜಮಾಬಂದಿಗೆ ಮನೆಗೊಬ್ಬರಂತೆ ಬನ್ನಿರೆಂದು ವಿನಂತಿ.