ಮಳೆನೀರಿನ ಮಾಲಿನ್ಯಕ್ಕೆ ಜಂಟಿ ಅಳತೆ: ಅಮೆರಿಕದ ಪಶ್ಚಿಮ ಕರಾವಳಿಯ ನಾಲ್ಕು ದಶಕ

ನಗರದಲ್ಲಿ ಸುರಿದ ಮಳೆ ಇಂಗುವುದು ಕಡಿಮೆ, ಹರಿಯುವುದು ಹೆಚ್ಚು. ರಸ್ತೆ, ತಾರಸಿ, ಪಾರ್ಕಿಂಗ್ ಜಾಗಗಳಲ್ಲಿ ವಾರಗಟ್ಟಲೆ ಕೂತ ಧೂಳು, ಇಂಜಿನ್ ಎಣ್ಣೆ, ಬ್ರೇಕ್ ಸವೆದ ಪುಡಿ, ಟೈರಿನ ಕಣ, ನಾಯಿಗಳ ಮಲ, ಹುಲ್ಲುಹಾಸಿಗೆ ಸಿಂಪಡಿಸಿದ ಕೀಟನಾಶಕ ಎಲ್ಲವನ್ನೂ ತೊಳೆದುಕೊಂಡು ಅದು ಕಾಲುವೆಗೆ ಇಳಿಯುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಬಹುತೇಕ ಊರುಗಳಲ್ಲಿ ಒಳಚರಂಡಿ ಬೇರೆ, ಮಳೆನೀರಿನ ಕಾಲುವೆ ಬೇರೆ. ಒಳಚರಂಡಿಯ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಮಳೆನೀರು ಬಂದ ಹಾಗೆಯೇ ಹಳ್ಳ, ನದಿ, ಸಮುದ್ರ ಸೇರುತ್ತದೆ. ಒಂದೇ ನದಿಯ ಜಲಾನಯನದಲ್ಲಿ ಹತ್ತಾರು ನಗರಸಭೆಗಳು, ಒಂದೆರಡು ಕೌಂಟಿಗಳು, ಹೆದ್ದಾರಿ ಇಲಾಖೆ, ಬಂದರು, ಕಾರ್ಖಾನೆಗಳು ಇರುತ್ತವೆ. ನದಿಮುಖದಲ್ಲಿ ತಾಮ್ರ ಹೆಚ್ಚಿದೆ ಎಂದು ಗೊತ್ತಾದರೂ ಅದು ಯಾರ ಬೀದಿಯಿಂದ ಬಂತೆಂದು ಯಾವ ಸಂಸ್ಥೆಯೂ ಒಂಟಿಯಾಗಿ ಹೇಳಲಾರದು. ಮಳೆನೀರಿನ ಅಧ್ಯಯನ ಬೆಳೆದುಬಂದದ್ದು ಬಹುಮಟ್ಟಿಗೆ ಈ ಸಂಸ್ಥೆಗಳು ಒಟ್ಟಿಗೆ ಕೂತು ಅಳೆಯಲು ಕಲಿತದ್ದರಿಂದ.

1972ರ ಶುದ್ಧ ಜಲ ಕಾಯ್ದೆಯ ಮೊದಲ ಗುರಿ ಕಾರ್ಖಾನೆ ಮತ್ತು ಒಳಚರಂಡಿ ಘಟಕಗಳ ಕೊಳವೆಗಳಾಗಿದ್ದವು. ಮಳೆನೀರು ಎಷ್ಟು ಕೊಳಕಾಗಿರುತ್ತದೆ ಎಂಬುದಕ್ಕೆ ಆಗ ಸರಿಯಾದ ಲೆಕ್ಕವೇ ಇರಲಿಲ್ಲ. ಆ ಕೊರತೆ ತುಂಬಲು ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ 1978ರಿಂದ 1983ರವರೆಗೆ ದೇಶದ 28 ಕಡೆ ರಾಷ್ಟ್ರೀಯ ನಗರ ಹರಿವು ಅಧ್ಯಯನವನ್ನು ನಡೆಸಿತು. ತಾಮ್ರ, ಸೀಸ, ಸತು ಈ ಮೂರು ಲೋಹಗಳು ಹೆಚ್ಚುಕಡಿಮೆ ಎಲ್ಲ ಊರುಗಳ ಮಳೆನೀರಿನಲ್ಲೂ ಕಂಡವು. 1987ರ ತಿದ್ದುಪಡಿ ಮಳೆನೀರಿನ ಕಾಲುವೆಗಳನ್ನೂ ಪರವಾನಗಿಯ ವ್ಯಾಪ್ತಿಗೆ ತಂದಿತು. 1990ರ ನಿಯಮ ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ ಅನ್ವಯಿಸಿತು, 1999ರ ನಿಯಮ ಸಣ್ಣ ಊರುಗಳಿಗೆ.

ಪರವಾನಗಿ ಪಡೆದ ಪ್ರತಿಯೊಂದು ಸಂಸ್ಥೆಯೂ ತನ್ನ ನೀರನ್ನು ತಾನೇ ಪರೀಕ್ಷಿಸಿ ವರದಿ ಕೊಡಬೇಕಾಯಿತು. ಇದು ಹೇಳಿದಷ್ಟು ಸುಲಭದ ಕೆಲಸವಲ್ಲ. ಲಾಸ್ ಏಂಜಲೀಸಿನಂಥ ಊರಿನಲ್ಲಿ ಮಳೆ ಬರುವುದು ಚಳಿಗಾಲದ ಕೆಲವೇ ದಿನ. ಬಂದಾಗ ಕಾಂಕ್ರೀಟ್ ಕಾಲುವೆ ಗಂಟೆ ಎರಡು ಗಂಟೆಯಲ್ಲಿ ತುಂಬಿ ಇಳಿದುಬಿಡುತ್ತದೆ. ಮೊದಲ ನೀರಿನಲ್ಲಿ ಕೊಳೆ ಹೆಚ್ಚು, ಆಮೇಲಿನದರಲ್ಲಿ ಕಡಿಮೆ. ಒಂದು ಬಾಟಲಿ ತುಂಬಿಕೊಂಡು ಬಂದರೆ ಅದು ಆ ಗಳಿಗೆಯ ನೀರಷ್ಟೇ. ಹಾಗಾಗಿ ಕಾಲುವೆಯ ಪಕ್ಕದ ಪೆಟ್ಟಿಗೆಯಲ್ಲಿ ಸ್ವಯಂಚಾಲಿತ ಯಂತ್ರವನ್ನಿಟ್ಟು, ಇಂತಿಷ್ಟು ನೀರು ಹರಿದಾಗಲೊಮ್ಮೆ ಒಂದು ಗುಟುಕು ಎಳೆದು ದೊಡ್ಡ ಬಾಟಲಿಗೆ ಸೇರಿಸುವಂತೆ ಮಾಡುತ್ತಾರೆ. ಮಳೆ ಮುಗಿದಾಗ ಆ ಬಾಟಲಿಯಲ್ಲಿರುವುದು ಇಡೀ ಮಳೆಯ ಸರಾಸರಿ ನೀರು. ಬ್ಯಾಕ್ಟೀರಿಯಾ ಪರೀಕ್ಷೆಗೆ ಮಾತ್ರ ಈ ಉಪಾಯ ನಡೆಯದು. ಆ ಮಾದರಿಯನ್ನು ಕೈಯಿಂದಲೇ ಹಿಡಿದು, ಮಂಜುಗಡ್ಡೆಯಲ್ಲಿಟ್ಟು, ಕೆಲವೇ ಗಂಟೆಗಳೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು, ಅದು ಶನಿವಾರದ ನಡುರಾತ್ರಿಯಾದರೂ ಸರಿ. ಇಷ್ಟು ಕಷ್ಟಪಟ್ಟು ತಂದ ಅಂಕಿಗಳು ಪಕ್ಕದ ಕೌಂಟಿಯ ಅಂಕಿಗಳ ಜೊತೆ ಹೋಲಿಕೆಗೇ ಬರುತ್ತಿರಲಿಲ್ಲ. ಮಾದರಿ ಹಿಡಿಯುವ ಕ್ರಮ, ಪರೀಕ್ಷಿಸುವ ವಸ್ತುಗಳ ಪಟ್ಟಿ, ವರದಿಯ ನಮೂನೆ ಎಲ್ಲವೂ ಒಂದೊಂದು ಕಡೆ ಒಂದೊಂದು ಥರ.

ಜಂಟಿ ಅಳತೆಯ ಮಾದರಿ ಸಮುದ್ರದ ಕಡೆಯಿಂದ ಬಂತು. ದಕ್ಷಿಣ ಕ್ಯಾಲಿಫೋರ್ನಿಯಾದ ಒಳಚರಂಡಿ ಸಂಸ್ಥೆಗಳು 1969ರಲ್ಲಿ ಸೇರಿ ಕರಾವಳಿ ಜಲ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿದ್ದವು. ಅದರ ಪುಟ್ಟ ಹೆಸರು ಸ್ಕ್ವರ್ಪ್. ಇಲ್ಲಿನ ಕಡಲ ನಿಗಾಕ್ಕೆ ವರ್ಷವರ್ಷವೂ ಕೋಟಿಗಟ್ಟಲೆ ಡಾಲರ್ ಸುರಿಯುತ್ತಿದ್ದರೂ ಇಡೀ ಕರಾವಳಿಯ ಸ್ಥಿತಿ ಹೇಗಿದೆ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತಿಲ್ಲ ಎಂಬುದನ್ನು ರಾಷ್ಟ್ರೀಯ ಸಂಶೋಧನಾ ಮಂಡಳಿ 1990ರಲ್ಲಿ ಎತ್ತಿ ತೋರಿಸಿತು. ಪ್ರತಿಯೊಂದು ಸಂಸ್ಥೆಯೂ ತನ್ನ ಕೊಳವೆಯ ಬಾಯಿಯ ಸುತ್ತಲೇ ಅಳೆಯುತ್ತಿದ್ದುದೇ ಇದಕ್ಕೆ ಕಾರಣ. 1994ರಲ್ಲಿ 12 ಸಂಸ್ಥೆಗಳು ಕೂಡಿ ಇಡೀ ಕರಾವಳಿಯಲ್ಲಿ ಚೀಟಿ ಎತ್ತಿದಂತೆ ಆಯ್ದ ತಾಣಗಳ ಸಮೀಕ್ಷೆ ನಡೆಸಿದವು. ಹೊಸ ದುಡ್ಡು ಹೆಚ್ಚು ಬೇಕಾಗಲಿಲ್ಲ. ನಿಯಂತ್ರಣ ಮಂಡಳಿಗಳು ಪರವಾನಗಿಯಲ್ಲಿದ್ದ ಕೆಲವು ಮಾಮೂಲಿ ಪರೀಕ್ಷೆಗಳಿಗೆ ಆ ವರ್ಷ ವಿನಾಯಿತಿ ಕೊಟ್ಟವು. ಅದರಿಂದ ಬಿಡುವಾದ ದೋಣಿ, ಸಿಬ್ಬಂದಿ, ಪ್ರಯೋಗಾಲಯದ ಸಮಯ ಜಂಟಿ ಸಮೀಕ್ಷೆಗೆ ಒದಗಿದವು. ಈ ಕ್ಷೇತ್ರದಲ್ಲಿ ಮುಂದೆ ಆದದ್ದಕ್ಕೆಲ್ಲ ಬುನಾದಿ ಹಾಕಿದ್ದು ಈ ಕೊಡುಕೊಳ್ಳುವಿಕೆ. ನಿಯಮ ಮಾಡುವವರೂ ನಿಯಮಕ್ಕೆ ಒಳಪಟ್ಟವರೂ ಒಂದೇ ಮೇಜಿಗೆ ಬಂದು ಕೂರಲು ಇಬ್ಬರಿಗೂ ಕಾರಣ ಸಿಕ್ಕಿತು. ಅಲ್ಲಿಂದೀಚೆಗೆ ಸುಮಾರು ಐದು ವರ್ಷಕ್ಕೊಮ್ಮೆ ಈ ಸಮೀಕ್ಷೆ ನಡೆಯುತ್ತ ಬಂದಿದೆ.

1998ರ ಸುತ್ತಿನ ಹೊತ್ತಿಗೆ ಭಾಗವಹಿಸಿದ ಸಂಸ್ಥೆಗಳ ಸಂಖ್ಯೆ ಹಲವು ಪಟ್ಟು ಹೆಚ್ಚಿತ್ತು. ಅದರ ಅಂಗವಾಗಿ ಕಡಲತೀರದ ಬ್ಯಾಕ್ಟೀರಿಯಾ ಸಮೀಕ್ಷೆಯೂ ನಡೆಯಿತು. 2000ದ ಫೆಬ್ರುವರಿಯಲ್ಲಿ ಒಂದು ದೊಡ್ಡ ಮಳೆ ಸುರಿದ ಬೆನ್ನಲ್ಲೇ ತಂಡಗಳು ಇಡೀ ತೀರದ ಉದ್ದಕ್ಕೂ ಏಕಕಾಲಕ್ಕೆ ನೀರು ಹಿಡಿದವು. ಒಣಹವೆಯಲ್ಲಿ ತೀರದ ತೀರಾ ಸಣ್ಣ ಭಾಗವಷ್ಟೇ ಮಾನದಂಡ ಮೀರಿದ್ದರೆ, ಮಳೆಯ ನಂತರ ಅರ್ಧಕ್ಕಿಂತ ಹೆಚ್ಚು ತೀರ ಮಾನದಂಡ ಮೀರಿತ್ತು. ಹಳ್ಳ ಮತ್ತು ಕಾಲುವೆಗಳು ಸಮುದ್ರ ಸೇರುವ ಜಾಗಗಳಲ್ಲಿ ಸ್ಥಿತಿ ಎಲ್ಲಕ್ಕಿಂತ ಕೆಟ್ಟದ್ದು. ಒಂದು ಕೌಂಟಿ ಒಂಟಿಯಾಗಿ ಅಳೆದಿದ್ದರೆ ಇಂಥ ಚಿತ್ರ ಸಿಗುತ್ತಲೇ ಇರಲಿಲ್ಲ. ತೊಂದರೆ ಒಳಚರಂಡಿ ಕೊಳವೆಯಿಂದ ಮಳೆನೀರಿನ ಕಾಲುವೆಗೆ ಜರುಗಿದೆ ಎಂಬುದು ಸ್ಪಷ್ಟವಾಯಿತು.

2001ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ಮಳೆನೀರು ನಿಗಾ ಒಕ್ಕೂಟ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಲಾಸ್ ಏಂಜಲೀಸ್, ಆರೆಂಜ್, ಸ್ಯಾನ್ ಡಿಯಾಗೊ, ವೆಂಚುರಾ, ರಿವರ್‌ಸೈಡ್, ಸ್ಯಾನ್ ಬರ್ನಾರ್ಡಿನೊ ಕೌಂಟಿಗಳ ಮಳೆನೀರು ವಿಭಾಗಗಳು, ಪ್ರಾದೇಶಿಕ ಜಲ ಗುಣಮಟ್ಟ ನಿಯಂತ್ರಣ ಮಂಡಳಿಗಳು, ಸ್ಕ್ವರ್ಪ್ ಮೊದಲಾದವು ಇದರ ಸದಸ್ಯರು. ಒಪ್ಪಂದದ ಮೂಲಕ ಕಟ್ಟಿದ ಈ ಒಕ್ಕೂಟ ಮೊದಲು ಮಾಡಿದ ಕೆಲಸ ಎಂದರೆ ತಿಳಿಯಬೇಕಾದ್ದೇನು ಎಂದು ಪಟ್ಟಿಮಾಡಿದ್ದು. 2004ರಲ್ಲಿ ಅದು ಹೊರತಂದ ಮಾದರಿ ನಿಗಾ ಕಾರ್ಯಕ್ರಮ ಐದು ಪ್ರಶ್ನೆಗಳ ಮೇಲೆ ನಿಂತಿದೆ: ನೀರು ಸೇರುವ ಜಾಗದಲ್ಲಿ ಅದರ ಬಳಕೆಗಳಿಗೆ ರಕ್ಷಣೆ ಇದೆಯೇ? ಇಲ್ಲದಿದ್ದರೆ ತೊಂದರೆ ಎಷ್ಟು ವ್ಯಾಪಕ? ಅದರಲ್ಲಿ ನಗರದ ಹರಿವಿನ ಪಾಲೆಷ್ಟು? ಆ ಹರಿವಿನಲ್ಲಿ ಕೊಳೆಯ ಮೂಲ ಯಾವುದು? ಸ್ಥಿತಿ ಸುಧಾರಿಸುತ್ತಿದೆಯೇ, ಕೆಡುತ್ತಿದೆಯೇ? ಈ ಪ್ರಶ್ನೆಗಳು ಸರಳವೆನಿಸಬಹುದು. ಆದರೆ ಅಲ್ಲಿಯವರೆಗೆ ಪರವಾನಗಿಗಳು ಎಷ್ಟು ಬಾಟಲಿ, ಯಾವ ತಿಂಗಳು ಎಂದಷ್ಟೇ ಹೇಳುತ್ತಿದ್ದವು, ಏಕೆ ಎಂದು ಹೇಳುತ್ತಿರಲಿಲ್ಲ. ಉತ್ತರ ಕೊಡದ ಮಾದರಿಯನ್ನು ಹಿಡಿಯುವುದೇ ಬೇಡ ಎಂದು ಒಪ್ಪಿದ್ದು ಒಕ್ಕೂಟದ ದೊಡ್ಡ ಸಾಧನೆಗಳಲ್ಲಿ ಒಂದು.

ಪ್ರಯೋಗಾಲಯಗಳನ್ನು ಹೊಂದಿಸುವ ಕೆಲಸ ಅಷ್ಟಾಗಿ ಸುದ್ದಿಯಾಗದಿದ್ದರೂ ಅದಿಲ್ಲದೆ ಮಿಕ್ಕದ್ದೆಲ್ಲ ವ್ಯರ್ಥ. ಒಂದೇ ನೀರನ್ನು ಭಾಗಮಾಡಿ ಬೇರೆಬೇರೆ ಪ್ರಯೋಗಾಲಯಗಳಿಗೆ ಕಳಿಸಿ ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕ್ರಮ ಇದು. ತೇಲುವ ಕಣಗಳ ತೂಕದಂಥ ಸಾಮಾನ್ಯ ಪರೀಕ್ಷೆಯೂ ಇಲ್ಲಿ ಕೈಕೊಡಬಹುದು. ಮಳೆನೀರಿನಲ್ಲಿ ಮರಳು ಹೆಚ್ಚು. ಬಾಟಲಿ ಅಲುಗಾಡಿಸಿ ಪಿಪೆಟ್ಟಿನಿಂದ ಒಂದಿಷ್ಟು ತೆಗೆಯುವಷ್ಟರಲ್ಲಿ ಮರಳು ತಳಕ್ಕೆ ಕೂತಿರುತ್ತದೆ. ಇಡೀ ಬಾಟಲಿಯನ್ನೇ ಸೋಸುವ ಪ್ರಯೋಗಾಲಯಕ್ಕೆ ಬರುವ ಅಂಕಿ ಇನ್ನೊಂದರ ಅಂಕಿಗಿಂತ ಬಹಳ ಹೆಚ್ಚಿರಬಹುದು. ಸೀಸ, ಸತುವಿನಂಥ ಲೋಹಗಳು ಆ ಕಣಗಳಿಗೇ ಅಂಟಿಕೊಂಡಿರುವುದರಿಂದ ವ್ಯತ್ಯಾಸ ಅವುಗಳಿಗೂ ಹರಡುತ್ತದೆ. ಇಬ್ಬರೂ ತಪ್ಪು ಮಾಡಿರುವುದಿಲ್ಲ, ಆದರೂ ಒಂದು ಊರಿನ ನೀರು ಇನ್ನೊಂದು ಊರಿನದಕ್ಕಿಂತ ಕೊಳಕೆಂಬ ಸುಳ್ಳು ತೀರ್ಮಾನ ಹುಟ್ಟುತ್ತದೆ. ಒಕ್ಕೂಟ ಇಂಥ ಪರೀಕ್ಷೆಗಳನ್ನು ಸುತ್ತು ಸುತ್ತಾಗಿ ನಡೆಸಿ ಸಮಾನ ವಿಧಾನದ ಕೈಪಿಡಿ ರೂಪಿಸಿತು.

2009ರಲ್ಲಿ ಒಕ್ಕೂಟ ಹಳ್ಳಗಳ ಪ್ರಾದೇಶಿಕ ಸಮೀಕ್ಷೆ ಆರಂಭಿಸಿತು. ಅಲ್ಲಿ ನೋಡಿದ್ದು ರಾಸಾಯನಿಕಗಳನ್ನಷ್ಟೇ ಅಲ್ಲ, ನೀರಿನ ತಳದಲ್ಲಿ ಬದುಕುವ ಹುಳಹುಪ್ಪಟೆ ಮತ್ತು ಪಾಚಿಯನ್ನೂ. ತಂಡವೊಂದು 150 ಮೀಟರ್ ಉದ್ದದ ಹಳ್ಳವನ್ನು ಹನ್ನೊಂದು ಅಡ್ಡಗೆರೆಗಳಾಗಿ ವಿಂಗಡಿಸಿಕೊಳ್ಳುತ್ತದೆ. ಪ್ರತಿ ಗೆರೆಯಲ್ಲೂ ಇಂಗ್ಲಿಷಿನ ಡಿ ಅಕ್ಷರದ ಆಕಾರದ ಬಲೆಯನ್ನು ತಳಕ್ಕೆ ಒತ್ತಿಟ್ಟು, ಅದರ ಮುಂದಿನ ಕಲ್ಲುಗಳನ್ನು ಉಜ್ಜಿ ಕದಡಿ, ಹರಿವಿನಲ್ಲಿ ಬಂದ ಜೀವಿಗಳನ್ನು ಹಿಡಿಯುತ್ತದೆ. ಪ್ರಯೋಗಾಲಯದಲ್ಲಿ ಸುಮಾರು 600 ಜೀವಿಗಳನ್ನು ಎಣಿಸಿ ಗುರುತಿಸುತ್ತಾರೆ. ಸೂಕ್ಷ್ಮ ಜಾತಿಗಳು ಇವೆಯೋ, ಎಂಥ ಕೊಳೆಯಲ್ಲೂ ಬಾಳುವ ಜಾತಿಗಳಷ್ಟೇ ಉಳಿದಿವೆಯೋ ಎಂಬುದರಿಂದ ಹಳ್ಳದ ಆರೋಗ್ಯ ತಿಳಿಯುತ್ತದೆ. ಮಾದರಿ ಹಿಡಿದ ದಿನ ನೀರು ತಿಳಿಯಾಗಿದ್ದಿರಬಹುದು, ಆದರೆ ಹುಳಗಳು ಹಿಂದಿನ ತಿಂಗಳುಗಳನ್ನೆಲ್ಲ ಅಲ್ಲೇ ಕಳೆದಿರುತ್ತವೆ. ಮೊದಲ ಐದು ವರ್ಷದ ಫಲಿತಾಂಶದ ಪ್ರಕಾರ ಪ್ರದೇಶದ ಹೆಚ್ಚಿನ ಹಳ್ಳಗಳಲ್ಲಿ ಜೀವಿಸಮುದಾಯ ಕೆಟ್ಟಿತ್ತು. ನಗರದೊಳಗಿನವು ತೀರಾ ಕೆಟ್ಟಿದ್ದವು, ಬೆಟ್ಟದ ಕಡೆಯವು ಮೇಲಾಗಿದ್ದವು. ಕೆಡುಕಿಗೆ ವಿಷವಸ್ತುಗಳಂತೆಯೇ ಕಾಂಕ್ರೀಟ್ ದಂಡೆ, ದಡದ ಗಿಡಮರ ಕಡಿದದ್ದು, ಗೊಬ್ಬರದ ಅಂಶ ಇವೂ ಕಾರಣ ಎಂಬುದು ಹೊಮ್ಮಿತು. ನೀರು ಶುದ್ಧೀಕರಿಸಿದರೆ ಸಾಕೆಂಬ ನಂಬಿಕೆಗೆ ಇದು ದೊಡ್ಡ ತಿದ್ದುಪಡಿ. ಎರಡನೇ ಸುತ್ತಿನಲ್ಲಿ ವರ್ಷದ ಕೆಲ ಭಾಗ ಬತ್ತುವ ಹಳ್ಳಗಳನ್ನೂ ಸೇರಿಸಿಕೊಂಡರು. ಒಣನಾಡಿನಲ್ಲಿ ಅಂಥವೇ ಹೆಚ್ಚು.

ಮನುಷ್ಯರ ಆರೋಗ್ಯದ ಪ್ರಶ್ನೆಗೂ ಜಂಟಿ ಪ್ರಯತ್ನ ಬೇಕಾಯಿತು. ಕಾಲುವೆಯ ಬಾಯಿಯ ಹತ್ತಿರ ಈಜಿದವರಿಗೆ ಕಾಯಿಲೆ ಹೆಚ್ಚು ಎಂದು ಸಾಂಟಾ ಮೋನಿಕಾ ಕೊಲ್ಲಿಯ 1995ರ ಅಧ್ಯಯನ ತೋರಿಸಿತ್ತಾದರೂ ಅದು ಬೇಸಿಗೆಯದ್ದು. ಮಳೆಗಾಲದಲ್ಲಿ ಕಡಲಿಗಿಳಿಯುವವರು ಅಲೆಯೇರುವ ಸರ್ಫರ್‌ಗಳು. 2013–15ರ ಎರಡು ಚಳಿಗಾಲ ಸ್ಯಾನ್ ಡಿಯಾಗೊದಲ್ಲಿ ಆರುನೂರಕ್ಕೂ ಹೆಚ್ಚು ಸರ್ಫರ್‌ಗಳು ತಾವು ನೀರಿಗಿಳಿದ ದಿನ ಮತ್ತು ಕಾಯಿಲೆಗಳನ್ನು ವರದಿ ಮಾಡಿದರು. ನಗರ, ಕೌಂಟಿ, ಸ್ಕ್ವರ್ಪ್, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಸರ್ಫ್‌ರೈಡರ್ ಪ್ರತಿಷ್ಠಾನ ಇದರಲ್ಲಿ ಕೈಜೋಡಿಸಿದ್ದವು. ಮಳೆಯಾದ ಮೂರು ದಿನದೊಳಗೆ ಕಡಲಿಗಿಳಿದವರಲ್ಲಿ ಹೊಟ್ಟೆನೋವು, ಭೇದಿ, ಕಿವಿಯ ಸೋಂಕು ಹೆಚ್ಚು ಕಂಡವು.

ಉತ್ತರದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ 1993ರಿಂದಲೇ ಪ್ರಾದೇಶಿಕ ನಿಗಾ ಕಾರ್ಯಕ್ರಮವಿದೆ. ಒಳಚರಂಡಿ ಘಟಕಗಳು, ಕಾರ್ಖಾನೆಗಳು, ಹೂಳೆತ್ತುವವರು, ಮಳೆನೀರು ಸಂಸ್ಥೆಗಳು ಒಂದೇ ನಿಧಿಗೆ ಹಣ ಕೊಡುತ್ತಾರೆ. ಅಳೆಯುವುದು ಸ್ವತಂತ್ರ ವಿಜ್ಞಾನ ಸಂಸ್ಥೆ. 2009ರಲ್ಲಿ ಎಪ್ಪತ್ತಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಒಂದೇ ಪರವಾನಗಿ ಬಂದ ಮೇಲೆ ಹಳ್ಳಗಳಿಂದ ಕೊಲ್ಲಿಗೆ ಬರುವ ಪಾದರಸ ಮತ್ತು ಪಿಸಿಬಿ ಎಂಬ ರಾಸಾಯನಿಕಗಳ ಲೆಕ್ಕ ಹಿಡಿಯುವುದು ಜಂಟಿ ಕೆಲಸವಾಯಿತು. ಪಾದರಸದ ಒಂದು ಮೂಲ ಸ್ಯಾನ್ ಹೋಸೆ ಬಳಿಯ ನ್ಯೂ ಆಲ್ಮಡೆನ್ ಗಣಿ. ಚಿನ್ನದ ಗಣಿಗಳಿಗೆ ಪಾದರಸ ಒದಗಿಸಿದ ಆ ಜಾಗದ ಕಣಗಳು ಗ್ವಾಡಲೂಪೆ ನದಿಯಲ್ಲಿ ಇಂದಿಗೂ ಹರಿದುಬರುತ್ತಿವೆ.

ಬ್ರೇಕಿನ ತಾಮ್ರದ ಪ್ರಕರಣ ನಡೆದದ್ದೂ ಇದೇ ಕೊಲ್ಲಿಯಲ್ಲಿ, ಈ ಕ್ಷೇತ್ರದ ಉದ್ದೇಶ ಸಾರ್ಥಕವಾದ ಉದಾಹರಣೆ ಅದು. ಕಾಲುವೆಗಳಲ್ಲಿ ಸಿಗುವ ತಾಮ್ರದ ದೊಡ್ಡ ಪಾಲು ವಾಹನಗಳ ಬ್ರೇಕ್ ಪ್ಯಾಡಿನಿಂದ ಬರುತ್ತದೆ ಎಂಬ ಸಂಶಯ ಬಲವಾದಾಗ ಯಾವ ನಗರಸಭೆಗೂ ಬ್ರೇಕ್ ತಯಾರಕರ ಮೇಲೆ ಅಧಿಕಾರವಿರಲಿಲ್ಲ. 1996ರಲ್ಲಿ ಮಳೆನೀರು ಸಂಸ್ಥೆಗಳು, ತಯಾರಕರು, ಪರಿಸರ ಸಂಘಟನೆಗಳು, ನಿಯಂತ್ರಕರು ಸೇರಿ ಬ್ರೇಕ್ ಪ್ಯಾಡ್ ಪಾಲುದಾರಿಕೆ ಆರಂಭಿಸಿದರು. ಪುಡಿ ಗಾಳಿಯಲ್ಲಿ ಎಷ್ಟು ಹರಡುತ್ತದೆ, ರಸ್ತೆಯಿಂದ ಎಷ್ಟು ತೊಳೆದುಹೋಗುತ್ತದೆ, ಕೊಲ್ಲಿಗೆ ಎಷ್ಟು ಸೇರುತ್ತದೆ ಎಂಬ ಲೆಕ್ಕಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಒಟ್ಟಿಗೆ ಮಾಡಿದ ಲೆಕ್ಕವಾದ್ದರಿಂದ ಉದ್ಯಮವೂ ಅದನ್ನು ತಳ್ಳಿಹಾಕಲಿಲ್ಲ. 2010ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ತಂದಿತು: 2021ರಿಂದ ಬ್ರೇಕ್ ಪ್ಯಾಡಿನಲ್ಲಿ ತಾಮ್ರ ಶೇ. 5 ಮೀರಬಾರದು, 2025ರಿಂದ ಶೇ. 0.5. ವಾಷಿಂಗ್ಟನ್ ರಾಜ್ಯವೂ ಅದೇ ವರ್ಷ ಇಂಥ ಕಾನೂನು ಮಾಡಿತು. 2015ರಲ್ಲಿ ಇಪಿಎ, ರಾಜ್ಯಗಳು ಮತ್ತು ಉದ್ಯಮ ದೇಶಕ್ಕೆಲ್ಲ ಅನ್ವಯಿಸುವ ಒಪ್ಪಂದಕ್ಕೆ ಬಂದವು.

ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಪ್ರದೇಶ ಇನ್ನೊಂದು ದಾರಿ ಹಿಡಿಯಿತು. ಸ್ಥಳೀಯ ಸಂಸ್ಥೆಗಳು, ರಾಜ್ಯ ಮತ್ತು ಕೇಂದ್ರದ ಇಲಾಖೆಗಳು, ಮೂಲನಿವಾಸಿ ಬುಡಕಟ್ಟುಗಳು, ಉದ್ಯಮ, ಪರಿಸರ ಸಂಘಟನೆಗಳು ಇದ್ದ ಕಾರ್ಯಗುಂಪು 2010ರ ಹೊತ್ತಿಗೆ ಒಂದು ಯೋಜನೆ ರೂಪಿಸಿತು. 2013ರಲ್ಲಿ ಜಾರಿಗೆ ಬಂದ ಪರವಾನಗಿಗಳು ಊರುಗಳಿಗೆ ಆಯ್ಕೆ ಕೊಟ್ಟವು: ಸ್ವಂತ ನಿಗಾ ನಡೆಸಬಹುದು ಅಥವಾ ಜಂಟಿ ನಿಧಿಗೆ ಹಣ ಕಟ್ಟಬಹುದು. ಬಹುತೇಕ ಊರುಗಳು ಎರಡನೆಯದನ್ನೇ ಆರಿಸಿಕೊಂಡವು. ಹಳ್ಳ ಮತ್ತು ತೀರದ ಸ್ಥಿತಿಗತಿ, ಕೈಗೊಂಡ ಕ್ರಮಗಳ ಪರಿಣಾಮ, ಕೊಳೆಯ ಮೂಲ ಈ ಮೂರರ ಅಧ್ಯಯನಕ್ಕೆ ಆ ಹಣ ಸಂದಾಯವಾಗುತ್ತದೆ.

ಈ ಪ್ರದೇಶವನ್ನು ಕಾಡಿದ ಒಗಟು ಕೋಹೊ ಸಾಲ್ಮನ್ ಮೀನಿನದು. ಸಿಯಾಟಲ್‌ನಲ್ಲಿ ದಂಡೆ ಸರಿಪಡಿಸಿ, ಗಿಡ ನೆಟ್ಟು ಜೀವ ತುಂಬಿದ ಹಳ್ಳಗಳಿಗೆ ಮೀನುಗಳು ಕಡಲಿನಿಂದ ಮರಳಿ ಬಂದವು. ಆದರೆ ಮಳೆಯಾದ ಕೆಲವೇ ಗಂಟೆಗಳಲ್ಲಿ ಅವು ಬಾಯಿ ತೆರೆದುಕೊಂಡು ಮೇಲೆ ಸುತ್ತುಹಾಕಿ ಸಾಯುತ್ತಿದ್ದವು. ಹೆಣ್ಣುಮೀನುಗಳ ಹೊಟ್ಟೆಯಲ್ಲಿ ಮೊಟ್ಟೆ ಹಾಗೆಯೇ ಉಳಿದಿರುತ್ತಿತ್ತು. ಲೋಹ, ಕೀಟನಾಶಕ, ರೋಗ ಒಂದೊಂದನ್ನೂ ಪರೀಕ್ಷಿಸಿ ಕೈಬಿಟ್ಟರು. ಕೇಂದ್ರದ ಮೀನುಗಾರಿಕಾ ಸಂಸ್ಥೆ, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಸುಕ್ವಾಮಿಶ್ ಬುಡಕಟ್ಟಿನ ಮೀನು ಮರಿಕೇಂದ್ರ ಸೇರಿ ನಡೆಸಿದ ಪ್ರಯೋಗದಲ್ಲಿ ಹೆದ್ದಾರಿಯ ನೀರಿಗೆ ಬಿಟ್ಟ ಮೀನುಗಳು ಸತ್ತವು. ಅದೇ ನೀರನ್ನು ಮರಳು, ಕಾಂಪೋಸ್ಟ್, ಮರದ ತೊಗಟೆಯ ಪದರದಲ್ಲಿ ಸೋಸಿ ಬಿಟ್ಟಾಗ ಬದುಕಿದವು. ಕೊಲ್ಲುತ್ತಿರುವುದು ಏನೆಂದು ತಿಳಿಯುವ ಮೊದಲೇ ಪರಿಹಾರದ ದಾರಿ ಕಂಡಿತ್ತು. ಟೈರಿನ ರಬ್ಬರು ಬಿರಿಯದಂತೆ ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕ ಓಝೋನ್ ತಾಗಿ 6ಪಿಪಿಡಿ-ಕ್ವಿನೋನ್ ಆಗುತ್ತದೆ, ಮೀನು ಸಾಯುವುದು ಅದರಿಂದ ಎಂದು 2020ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೀಟರಿಗೆ 0.1 ಮೈಕ್ರೋಗ್ರಾಂನಷ್ಟಿದ್ದರೂ ಅದು ಕೋಹೊಗೆ ಮಾರಕವೆಂದು ಆಮೇಲಿನ ಅಳತೆಗಳು ತೋರಿಸಿದವು. 6ಪಿಪಿಡಿ ಇರುವ ಟೈರುಗಳ ತಯಾರಕರು ಬದಲಿ ವಸ್ತು ಹುಡುಕಬೇಕೆಂಬ ಕ್ಯಾಲಿಫೋರ್ನಿಯಾದ ನಿಯಮ 2023ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಈ ವಸ್ತುವನ್ನು ಎಲ್ಲ ಪ್ರಯೋಗಾಲಯಗಳೂ ಒಂದೇ ಕ್ರಮದಲ್ಲಿ ಅಳೆಯಲೆಂದು ಇಪಿಎ 2024ರಲ್ಲಿ ಕರಡು ವಿಧಾನ ಹೊರಡಿಸಿತು.

ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಯಲ್ಲೂ ನಿಗಾದ ಹಣವನ್ನು ಒಟ್ಟುಗೂಡಿಸಿ ಸಂಶೋಧನೆಗೆ ಕೊಡುವ ಪದ್ಧತಿ ನೆಲೆಯೂರಿದೆ. ಮಳೆನೀರನ್ನು ಇಂಗಿಸುವ ಇಂಗುಗುಂಡಿ, ಮಳೆತೋಟಗಳಂಥ ಕ್ರಮಗಳು ಎಷ್ಟು ಕೊಳೆ ತಡೆಯುತ್ತವೆ ಎಂಬ ಅಂಕಿಅಂಶಗಳನ್ನು 1996ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ದತ್ತಸಂಗ್ರಹ ಕಲೆಹಾಕುತ್ತಿದೆ. ಆದರೆ ಒಂದು ಮಳೆತೋಟ ತನ್ನ ನೀರನ್ನು ಶುದ್ಧಗೊಳಿಸಿದೆ ಎಂದು ತೋರಿಸುವುದು ಬೇರೆ, ಸಾವಿರಾರು ಮಳೆತೋಟಗಳಿಂದ ಇಡೀ ನದಿ ಸುಧಾರಿಸಿದೆ ಎಂದು ತೋರಿಸುವುದು ಬೇರೆ. ಮಳೆ ವರ್ಷದಿಂದ ವರ್ಷಕ್ಕೆ ಏರುಪೇರಾಗುವ ಕಡೆ ಆ ಎರಡನೆಯದಕ್ಕೆ ಒಂದೇ ತಾಣದಲ್ಲಿ, ಒಂದೇ ವಿಧಾನದಲ್ಲಿ, ದಶಕಗಳ ಕಾಲ ಅಳೆಯಬೇಕು. ಪರವಾನಗಿ ಮಾತ್ರ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ. ಪ್ರತಿ ಬಾರಿಯೂ ಹೊಸ ವಸ್ತು, ಹೊಸ ತಾಣದ ಒತ್ತಡ ಬರುತ್ತದೆ. ಸ್ಥಿತಿ ಸುಧಾರಿಸುತ್ತಿದೆಯೇ ಎಂಬ 2004ರ ಐದನೆಯ ಪ್ರಶ್ನೆಗಾಗಿ ದಕ್ಷಿಣ ಕ್ಯಾಲಿಫೋರ್ನಿಯಾದ ಒಕ್ಕೂಟ ಹಳೆಯ ತಾಣಗಳಲ್ಲಿ ಕೆಲವಕ್ಕೆ ಮತ್ತೆ ಮತ್ತೆ ಹೋಗಿ ಅಳೆಯುವ ಕ್ರಮವನ್ನು ಸಮೀಕ್ಷೆಯೊಳಗೇ ಸೇರಿಸಿಕೊಂಡಿದೆ.