ಗಲೀಬು

ದಿಂಬಿಗೆ ಎರಡು ಬಟ್ಟೆ. ಒಗೆಯಲೆಂದು ಕಳಚುವ ಮೇಲಿನದಕ್ಕೆ ಗಲೀಬು ಎನ್ನುತ್ತೇವೆ. ಗವಸು ಎನ್ನುವವರೂ ಇದ್ದಾರೆ. ಒಳಗೆ ಅರಳೆಯನ್ನು ತುಂಬಿಕೊಂಡು ಬಾಯಿ ಹೊಲಿಸಿಕೊಂಡಿರುವ ಪಟ್ಟೆಪಟ್ಟೆಯ ದಪ್ಪ ಬಟ್ಟೆಯನ್ನು ಕೊಳ್ಳಲು ಹೋದರೆ ಹಾಸಿಗೆ ಬಟ್ಟೆ ಎಂದರೆ ಸಾಕು. ಇಂಗ್ಲಿಷಿನಲ್ಲಿ ಅದು ಟಿಕಿಂಗ್. ‘ಟಿಕ್’ ಮೊದಲಿಗೆ ಬಟ್ಟೆಯ ಹೆಸರಲ್ಲ, ಹಾಸಿಗೆಯ ಚೀಲದ ಹೆಸರು. ಅದರ ಮೂಲ ಗ್ರೀಕಿನ ‘ಥೇಕೆ’, ಏನನ್ನಾದರೂ ಇಡುವ ಕೋಶ. ಗ್ರೀಕರು ಪುಸ್ತಕ ಭಂಡಾರವನ್ನು ‘ಬಿಬ್ಲಿಯೊಥೇಕೆ’ ಎಂದದ್ದೂ ಇದೇ ಪದದಿಂದ.

ಈ ಬಟ್ಟೆಯ ಗುಣವೆಲ್ಲ ನೇಯ್ಗೆಯ ಬಿಗಿಯಲ್ಲಿದೆ. ಯುರೋಪಿನಲ್ಲಿ ಹಾಸಿಗೆಗೆ ಹಕ್ಕಿಯ ಪುಕ್ಕ ತುಂಬುತ್ತಿದ್ದರು; ಪುಕ್ಕದ ದಂಟು ಸಡಿಲ ಬಟ್ಟೆಯನ್ನು ಚುಚ್ಚಿ ಹೊರಬರುತ್ತದೆ. ಅದಕ್ಕೇ ಓರೆ ನೇಯ್ಗೆ, ಒತ್ತೊತ್ತಾದ ಎಳೆ; ಸಾಲದ್ದಕ್ಕೆ ಒಳಮೈಗೆ ಸಾಬೂನನ್ನೋ ಜೇನುಮೇಣವನ್ನೋ ಉಜ್ಜುತ್ತಿದ್ದರು. ನಮ್ಮ ಬೂರುಗದ ಅರಳೆಯೂ ಅಷ್ಟೇ ತುಂಟ. ನೂಲಲು ಒಗ್ಗದಷ್ಟು ನಯ, ಗಿಡ್ಡ ಎಳೆ. ಸಣ್ಣ ಸಂದು ಸಿಕ್ಕರೂ ಮನೆಯೆಲ್ಲ ಹಾರಾಡುತ್ತದೆ.

ಗಲೀಬಿನ ಬದುಕು ಇನ್ನೂ ವಿಶಾಲವಾದದ್ದು. ಅರಬ್ಬಿಯ ‘ಗಿಲಾಫ್’ ಎಂದರೆ ಹೊದಿಕೆ, ಒರೆ. ಅದು ಪಾರಸಿ, ಉರ್ದುಗಳನ್ನು ಹಾದು ನಮ್ಮ ಮಲಗುವ ಕೋಣೆಗೆ ಬಂತು. ಉತ್ತರ ಕರ್ನಾಟಕದ ಉರುಸುಗಳಲ್ಲಿ ದರ್ಗಾದ ಸಮಾಧಿಗೆ ಹೊದಿಸುವ ಬಟ್ಟೆಯೂ ಗಲೀಫೇ. ಗಂಧದ ಹಾಗೆ ಅದನ್ನೂ ಮೆರವಣಿಗೆಯಲ್ಲಿ ತರುತ್ತಾರೆ. ಹರಕೆ ಹೊತ್ತ ಹಿಂದೂಗಳೂ ಅರ್ಪಿಸುತ್ತಾರೆ. ಉರ್ದುವಿನಲ್ಲಿ ಕಾಬಾದ ಹೊದಿಕೆಗೂ ಗಿಲಾಫ್ ಎಂದೇ ಹೆಸರು. ದಿನದಿನದ ದಿಂಬಿಗೂ ಸಂತನ ಗೋರಿಗೂ ಒಂದೇ ಮಾತು ಸಲ್ಲುವುದು ನನಗೆ ಬಹಳ ಪ್ರೀತಿಯ ಸಂಗತಿ. ಎರಡು ಕಡೆಯೂ ಇರುವುದು ಮಲಗಿದವರ ಮೇಲಿನ ಅಕ್ಕರೆ.

ಹಾಸಿಗೆ ಹೊಲಿಯುವ ನದಾಫರ ಹೆಸರೂ ಅರಬ್ಬಿಯದೇ. ‘ನದ್ದಾಫ್’ ಎಂದರೆ ಹತ್ತಿ ಹಿಂಜುವವನು. ಪಿಂಜಾರರೆಂದು ನಾವು ಕರೆಯುವುದೂ ಇವರನ್ನೇ. ಬಿಲ್ಲಿನ ನಾರಿ ಮಿಡಿದು ಅರಳೆ ಬಿಡಿಸಿ, ಪಟ್ಟೆ ಬಟ್ಟೆಯ ಚೀಲಕ್ಕೆ ತುಂಬಿ, ಉದ್ದ ಸೂಜಿಯಿಂದ ಹೊಲಿಗೆ ಹಾಕುವ ಅವರ ಕಸಬನ್ನು ಸ್ಪಂಜಿನ ಹಾಸಿಗೆ ಕಿತ್ತುಕೊಂಡಿತು. ಈಗ ಗಲೀಬೆಂಬ ಮಾತಿನ ಜಾಗಕ್ಕೆ ‘ಪಿಲ್ಲೋ ಕವರ್’ ಬಂದು ಕೂತಿದೆ. ಮೊಬೈಲಿಗೆ, ಸ್ಕೂಟರಿಗೆ, ನೋಟ್‌ಬುಕ್ಕಿಗೆ ಕವರ್ ಇರಲಿ. ದಿಂಬಿಗೆ ಅದರದೇ ಮಾತಿದೆ. ಮಕ್ಕಳ ಕೈಲಿ ಹಾಸಿಗೆ ಹಾಸಿಸುವಾಗ ‘ಗಲೀಬು ಬದಲಿಸು’ ಎಂದೇ ಹೇಳಿ.