ನೂಲಿನ ನೇಮ, ಕೌದಿಯ ನೆಮ್ಮದಿ

ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನವು 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಸೇರಿತು. ಕಾಂಗ್ರೆಸ್ಸಿನ ಸದಸ್ಯನಾಗುವವನು ತಿಂಗಳಿಗೆ 2,000 ಗಜ ನೂಲನ್ನು ಸಲ್ಲಿಸಬೇಕೆಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆ ದೊರೆಯಿತು. ಗಾಂಧೀಜಿ ರಾಟೆಯಲ್ಲಿ ಸ್ವದೇಶಿಯ ಜೊತೆಗೆ ಚಿತ್ತಶಾಂತಿಯನ್ನೂ ಕಂಡವರು. ಆದರೆ ತಾನು ನೂಲಲೊಲ್ಲದವನು ಇನ್ನೊಬ್ಬರು ನೂತದ್ದನ್ನು ಕೊಡಲು ನಿಯಮದಲ್ಲಿ ಅವಕಾಶವಿತ್ತು. ನೂಲನ್ನು ಕೊಳ್ಳಬಹುದು, ನೂಲುವಾಗಿನ ಶಾಂತಿಯನ್ನು ಕೊಳ್ಳಲಾದೀತೆ? 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಆ ಕಡ್ಡಾಯವು ಸಡಿಲಗೊಂಡಿತು. ನಾಲ್ಕಾಣೆ ಕೊಟ್ಟವನೂ ಸದಸ್ಯನಾಗಬಹುದಾಯಿತು.

ಇಂದಿನ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಗಳಲ್ಲಿ ಕೌದಿ ಹೊಲಿಯಲು ಯಾವ ಠರಾವೂ ಬೇಕಾಗಲಿಲ್ಲ. ಸುಗ್ಗಿ ಮುಗಿದ ಬೇಸಗೆಯಲ್ಲಿ ಹೆಣ್ಣುಮಕ್ಕಳು ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಸಾಲುಸಾಲಾಗಿ ಹೊಲಿಯುತ್ತ ಕೂಡುವರು. ತೀರಿಹೋದ ತಾಯಿಯ ಸೀರೆಯ ತುಂಡೂ ಅದರಲ್ಲಿ ಸೇರಬಹುದು. ಸೂಜಿ ಅವಸರಕ್ಕೆ ಒಗ್ಗದು. ಕೈ ಒಂದೇ ಲಯದಲ್ಲಿ ನಡೆಯುತ್ತಿರಲು, ಬಾಯಿಗೆ ಬಾರದಿದ್ದ ದುಃಖವೂ ಮೆಲ್ಲನೆ ಮಾತಾಗುತ್ತದೆ. ಅದನ್ನು ಔಷಧವೆಂದು ನಾನು ಹೇಳಲಾರೆ. ದುಃಖಿಗೆ ಅದು ಒಂದು ಕೆಲಸವನ್ನೂ ಒಂದು ಜೊತೆಯನ್ನೂ ಕೊಡುತ್ತದೆಂದು ಬಲ್ಲೆ. ಗಿರಣಿಯ ಹೊದಿಕೆ ಇಂದು ಅಗ್ಗವಾಗಿ ಸಿಗುತ್ತದೆ. ಕೌದಿ ಮರೆಯಾದರೆ ಹಾಗೆ ಕೂಡಿ ಕುಳಿತುಕೊಳ್ಳುವ ಬಿಡುವೂ ಮರೆಯಾದೀತೆಂಬುದೇ ನನ್ನ ಅಳಲು.